ಕಂಪ್ಯೂಟರ್ ಮೈಕ್‌ನಲ್ಲಿ ದನಿ ಬಾರದಿದ್ದರೆ: ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ಬೆಳಿಗ್ಗೆ ಹತ್ತಕ್ಕೆ ಆನ್‌ಲೈನ್ ಸಂದರ್ಶನ. ಒಂಬತ್ತು ಮುಕ್ಕಾಲಿಗೆ ಅಕ್ಕನ ಮಗಳ ಫೋನ್ ಬಂತು. ‘ಮಾಮ, ಗೆಳತಿಯ ಜೊತೆ ಒಮ್ಮೆ ಮಾತಾಡಿ ನೋಡಿದೆ. ಅವಳು ಹೇಳುವುದು ನನಗೆ ಕೇಳಿಸುತ್ತದೆ, ನಾನು ಹೇಳುವುದು ಅವಳಿಗೆ ಕೇಳಿಸುವುದೇ ಇಲ್ಲ. ಎರಡು ಸಲ ಲ್ಯಾಪ್‌ಟಾಪ್ ಆರಿಸಿ ಹಾಕಿದೆ. ಮೈಕ್ ಕೆಟ್ಟುಹೋಗಿದೆಯೇ?’

ಕೆಟ್ಟಿರಲಿಲ್ಲ. ಅದಕ್ಕೆ ಏನಾಗಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ. ಒಂದು ಕಾಲದಲ್ಲಿ ಕಂಪ್ಯೂಟರಿನ ಮೈಕ್ ಬೇಕಾಗುತ್ತಿದ್ದುದು ಹಾಡುವವರಿಗೆ, ಕಾಲ್ ಸೆಂಟರಿನವರಿಗೆ ಮಾತ್ರ. ಈಗ ಸಂದರ್ಶನಕ್ಕೆ ಕೂತವರಿಗೆ, ವಿಡಿಯೊ ಮೂಲಕ ನ್ಯಾಯಾಲಯದ ಮುಂದೆ ಹಾಜರಾಗುವ ವಕೀಲರಿಗೆ, ಪರದೇಶದ ಮೊಮ್ಮಕ್ಕಳೊಡನೆ ಮಾತಾಡುವ ಅಜ್ಜಿಗೆ, ಎಲ್ಲರಿಗೂ ಅದು ಬೇಕು. ಗೂಗಲ್ 2017ರಲ್ಲಿ ಧ್ವನಿ ಟೈಪಿಂಗ್‌ಗೆ ಕನ್ನಡವನ್ನೂ ಸೇರಿಸಿದ ಮೇಲೆ, ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕಿ ದಣಿದವರು ಕೂಡ ಮೈಕ್ ಮುಂದೆ ಬಂದು ಕೂತಿದ್ದಾರೆ. ಹೀಗೆ ಬಂದವರಲ್ಲಿ ಹೆಚ್ಚಿನವರಿಗೆ ತಮ್ಮ ಮಾತು ಬಾಯಿಂದ ಹೊರಟು ಯಾವ ಹಾದಿಯಲ್ಲಿ ಹೋಗುತ್ತದೆ ಎಂದು ಯಾರೂ ಹೇಳಿಕೊಟ್ಟಿಲ್ಲ. ಹಾದಿ ಗೊತ್ತಿಲ್ಲದಾಗ ಎಲ್ಲರೂ ಮಾಡುವುದು ಒಂದೇ: ಕಂಡ ಗುಂಡಿಯನ್ನೆಲ್ಲ ಒತ್ತುವುದು.

ದನಿ ನಡೆಯುವ ದಾರಿ

ಹಳೇ ಮೈಸೂರು ಸೀಮೆಯ ಕೆರೆಬಯಲುಗಳಲ್ಲಿ ನೀರುಗಂಟಿ ಎಂಬುವನೊಬ್ಬ ಇರುತ್ತಿದ್ದ. ಕೆರೆಯ ತೂಬು ಎತ್ತಿ, ಕಾಲುವೆಗಳಿಗೆ ನೀರು ಹಂಚಿ, ಕೊನೆಯ ಗದ್ದೆಯವರೆಗೆ ಮುಟ್ಟಿಸುವುದು ಅವನ ಕೆಲಸ. ಕೊನೆಯ ಗದ್ದೆಗೆ ನೀರು ಬರಲಿಲ್ಲವೆಂದು ದೂರು ಬಂದರೆ ಅವನು ಕೆರೆಯನ್ನು ದೂರುತ್ತಿರಲಿಲ್ಲ. ಕಾಲುವೆಯ ಗುಂಟ ನಡೆದು, ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಮುಂದೆ ಒಣಗಿದೆ ಎಂದು ನೋಡುತ್ತಿದ್ದ. ಅಡ್ಡಿ ಇರುವುದು ಆ ಎರಡರ ನಡುವೆ. ಮೈಕ್ ರಿಪೇರಿಯೂ ಇಷ್ಟೇ.

ನಾವು ಮಾತಾಡಿದಾಗ ಗಾಳಿ ನಡುಗುತ್ತದೆ. ಮೈಕ್ ಒಳಗಿನ ತೆಳುವಾದ ಪೊರೆಯೊಂದು ಆ ನಡುಕಕ್ಕೆ ತಕ್ಕಂತೆ ಕಂಪಿಸುತ್ತದೆ. ಪೊರೆಯ ಕಂಪನ ವಿದ್ಯುತ್ತಿನ ಏರಿಳಿತವಾಗುತ್ತದೆ. ಹೆಡ್‌ಸೆಟ್‌ಗಳಲ್ಲಿ, ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎಲೆಕ್ಟ್ರೆಟ್ ಎಂಬ ಬಗೆ. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಇದನ್ನು ರೂಪಿಸಿದರು. ವಿದ್ಯುದಂಶವನ್ನು ಶಾಶ್ವತವಾಗಿ ಹಿಡಿದಿಟ್ಟುಕೊಂಡ ಪ್ಲಾಸ್ಟಿಕ್ ಪೊರೆಯೇ ಇದರ ಜೀವಾಳ. ಈಗಿನ ಲ್ಯಾಪ್‌ಟಾಪ್‌ಗಳ ಮೈಕ್ ಇನ್ನೂ ಚಿಕ್ಕದು. ಕಂಪ್ಯೂಟರ್ ಚಿಪ್ ಮಾಡುವ ವಿಧಾನದಲ್ಲೇ ಸಿಲಿಕಾನ್‌ನಲ್ಲಿ ಕೊರೆದು ಮಾಡಿದ ಇದರ ಡಬ್ಬಿಯೇ ಮೂರು ನಾಲ್ಕು ಮಿಲಿಮೀಟರ್ ಅಗಲ, ಒಂದು ಕಡಲೆಬೇಳೆಯಷ್ಟು.

ಎಲೆಕ್ಟ್ರೆಟ್ ಮೈಕ್ ಕೊಡುವ ವಿದ್ಯುತ್ತು ತೀರ ಅಲ್ಪ, ವೋಲ್ಟಿನ ಸಾವಿರದ ಕೆಲವು ಪಾಲು. ಕಂಪ್ಯೂಟರಿನಲ್ಲಿರುವ ಸೌಂಡ್ ಚಿಪ್ ಅದನ್ನು ಹಿಗ್ಗಿಸಿ, ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದು ದನಿಯಲ್ಲ, ಅಂಕಿಗಳ ಸಾಲು. ಆ ಸಾಲನ್ನು ಡ್ರೈವರ್ ಎಂಬ ಕಿರು ತಂತ್ರಾಂಶ ವಿಂಡೋಸ್‌ಗೋ ಮ್ಯಾಕ್‌ಗೋ ಲಿನಕ್ಸ್‌ಗೋ ಒಪ್ಪಿಸುತ್ತದೆ. ಈ ಕಾರ್ಯಾಚರಣ ವ್ಯವಸ್ಥೆ ‘ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು’ ಎಂದು ಅನುಮತಿ ನೋಡಿ, ಜೂಮ್‌ಗೋ ಬ್ರೌಸರ್‌ಗೋ ರೆಕಾರ್ಡಿಂಗ್ ತಂತ್ರಾಂಶಕ್ಕೋ ದಾಟಿಸುತ್ತದೆ. ಅವು ತಮ್ಮದೇ ಸೋಸುವಿಕೆ ನಡೆಸಿ ಇಂಟರ್ನೆಟ್‌ಗೆ ಬಿಡುತ್ತವೆ. ಇಷ್ಟು ತೂಬುಗಳಲ್ಲಿ ಯಾವ ಒಂದು ಮುಚ್ಚಿದ್ದರೂ ಆಚೆ ಬದಿಯವರಿಗೆ ಕಾಣುವುದು ಒಂದೇ: ಬಾಯಿ ಅಲ್ಲಾಡುತ್ತಿದೆ, ಮಾತಿಲ್ಲ.

ಮೊದಲು ನಡುವಿನ ತೂಬು

ಕಾಲುವೆಯ ಒಂದು ತುದಿಯಿಂದ ಹೊರಡುವುದಕ್ಕಿಂತ ನಡುವಿಗೆ ಹೋಗಿ ನೋಡುವುದು ಜಾಣತನ. ನಡುವಿನಲ್ಲಿ ನೀರಿದ್ದರೆ ಮೇಲಿನ ಅರ್ಧ ಸರಿಯಿದೆ, ಇಲ್ಲದಿದ್ದರೆ ಕೆಳಗಿನ ಅರ್ಧದ ಗೊಡವೆ ಸದ್ಯಕ್ಕೆ ಬೇಡ. ಕಂಪ್ಯೂಟರಿನಲ್ಲಿ ಆ ನಡುವಿನ ಜಾಗ ಎಂದರೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮಾತಿಗೆ ತಕ್ಕಂತೆ ಏರಿಳಿಯುವ ಪಟ್ಟಿ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ಸೌಂಡ್, ಅಲ್ಲಿ ಇನ್‌ಪುಟ್ ಎಂಬ ಭಾಗಕ್ಕೆ ಹೋಗಿ. ಅಲ್ಲಿರುವ ಮೈಕ್‌ನ ಹೆಸರಿನ ಮೇಲೆ ಒತ್ತಿದರೆ ಅದನ್ನು ಪರೀಕ್ಷಿಸುವ ಪುಟವೇ ತೆರೆದುಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಸೌಂಡ್, ಇನ್‌ಪುಟ್. ಉಬುಂಟು ಬಳಸುವವರಿಗೂ ಸೆಟ್ಟಿಂಗ್ಸ್‌ನ ಸೌಂಡ್ ಪುಟದಲ್ಲೇ ಇದು ಸಿಗುತ್ತದೆ. ಪಟ್ಟಿಯನ್ನು ನೋಡುತ್ತ ಒಂದರಿಂದ ಹತ್ತರವರೆಗೆ ಎಣಿಸಿ. ಮಾತಿಗೆ ತಕ್ಕಂತೆ ಪಟ್ಟಿ ಕುಣಿದರೆ ಮೈಕ್, ತಂತಿ, ಚಿಪ್, ಡ್ರೈವರ್ ನಾಲ್ಕೂ ಸರಿಯಿವೆ. ತೊಂದರೆ ಇರುವುದು ನೀವು ಬಳಸುತ್ತಿರುವ ತಂತ್ರಾಂಶದಲ್ಲಿ ಅಥವಾ ಅನುಮತಿಯಲ್ಲಿ. ಪಟ್ಟಿ ಕದಲದಿದ್ದರೆ ಜೂಮ್ ಅಳಿಸಿ ಮತ್ತೆ ಹಾಕುವುದರಿಂದ ಏನೂ ಆಗುವುದಿಲ್ಲ. ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಅರ್ಧ ದಿನ ಕಳೆದವರನ್ನು ಬಹಳ ಜನರನ್ನು ನೋಡಿದ್ದೇನೆ. ಮೊದಮೊದಲು ಆ ಸಾಲಿನಲ್ಲಿ ನಾನೂ ಇದ್ದೆ.

ಇನ್ನೂ ಒಂದು ಸುಳಿವು ಇದೆ, ಇದನ್ನು ಬಲ್ಲವರು ಕಡಿಮೆ. ಅಡಾಸಿಟಿಯಂತಹ ಉಚಿತ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಹತ್ತು ಸೆಕೆಂಡು ದಾಖಲಿಸಿ, ಬಂದ ಗೆರೆಯನ್ನು ದೊಡ್ಡದು ಮಾಡಿ ನೋಡಿ. ಜೀವಂತ ಮೈಕ್ ಯಾವತ್ತೂ ಪೂರ್ತಿ ಮೌನವಾಗಿರುವುದಿಲ್ಲ. ಫ್ಯಾನಿನ ಸದ್ದು, ಬೀದಿಯ ಗುಂಯ್‌ಗುಡುವಿಕೆ, ಚಿಪ್‌ನ ಒಳಗಿನ ಸಣ್ಣ ಸುಯ್ಯೆನ್ನುವ ಸದ್ದು, ಏನಾದರೊಂದು ಗೆರೆಯನ್ನು ತುಸು ಒರಟು ಮಾಡಿರುತ್ತದೆ. ಗೆರೆ ರೂಲರ್ ಇಟ್ಟು ಎಳೆದಷ್ಟು ನೇರವಾಗಿದ್ದರೆ ಯಾವುದೋ ಸ್ವಿಚ್ಚು ಅಥವಾ ಅನುಮತಿ ದನಿಯನ್ನು ಪೂರ್ತಿ ತಡೆದಿದೆ ಎಂದು ಊಹಿಸಬಹುದು. ಸಣ್ಣ ಒರಟಿದೆ, ನಿಮ್ಮ ಮಾತು ಮಾತ್ರ ಇಲ್ಲ ಎಂದರೆ ಹಾದಿ ತೆರೆದಿದೆ, ಆದರೆ ಕೇಳುತ್ತಿರುವುದು ಬೇರೆ ಮೈಕ್, ಇಲ್ಲವೇ ಪಿನ್ ಸರಿಯಾಗಿ ಕೂತಿಲ್ಲ.

ಪಟ್ಟಿ ಕುಣಿಯುತ್ತದೆ, ಆಚೆಯವರಿಗೆ ಕೇಳಿಸುವುದಿಲ್ಲ

ಇಲ್ಲಿ ಮೊದಲ ಅನುಮಾನ ತಪ್ಪು ಮೈಕ್ ಆಯ್ಕೆಯ ಮೇಲೆ. ಒಂದು ಸಾಧಾರಣ ಕಂಪ್ಯೂಟರಿನಲ್ಲೇ ಲ್ಯಾಪ್‌ಟಾಪ್‌ನ ಸ್ವಂತ ಮೈಕ್, ವೆಬ್‌ಕ್ಯಾಮ್‌ನ ಮೈಕ್, ಬ್ಲೂಟೂತ್ ಇಯರ್‌ಫೋನ್‌ನ ಮೈಕ್ ಎಂದು ಮೂರು ನಾಲ್ಕು ಇರುತ್ತವೆ. ಇವುಗಳ ನಡುವೆ ‘ಸ್ಟಿರಿಯೊ ಮಿಕ್ಸ್’ ಎಂಬ ಒಂದು ಹೆಸರೂ ಕಾಣಬಹುದು. ಅದು ಮೈಕ್ ಅಲ್ಲವೇ ಅಲ್ಲ, ಕಂಪ್ಯೂಟರ್ ತಾನು ನುಡಿಸುತ್ತಿರುವ ಸದ್ದನ್ನು ತಾನೇ ಕೇಳಿಸಿಕೊಳ್ಳುವ ಏರ್ಪಾಡು. ನೀವು ವ್ಯವಸ್ಥೆಯ ಸೆಟ್ಟಿಂಗ್ಸ್‌ನಲ್ಲಿ ಸರಿಯಾದ ಮೈಕ್ ಆರಿಸಿದ್ದರೂ ಜೂಮ್, ಟೀಮ್ಸ್, ಗೂಗಲ್ ಮೀಟ್ ತಮ್ಮ ಒಳಗೆ ಬೇರೆಯದನ್ನು ನೆನಪಿಟ್ಟುಕೊಂಡಿರಬಹುದು. ಹೋದ ವಾರ ಸಿಕ್ಕಿಸಿದ್ದ ಹೆಡ್‌ಸೆಟ್ ಈಗ ಕಪಾಟಿನಲ್ಲಿದ್ದರೂ ತಂತ್ರಾಂಶ ಅದಕ್ಕೇ ಕಿವಿಗೊಟ್ಟು ಕೂತಿರುವುದುಂಟು. ಸಭೆಯ ಪರದೆಯಲ್ಲಿ ಮೈಕ್ ಚಿತ್ರದ ಪಕ್ಕದ ಸಣ್ಣ ಬಾಣವನ್ನು ಒತ್ತಿದರೆ ಯಾವ ಮೈಕ್ ಎಂಬ ಪಟ್ಟಿ ಬರುತ್ತದೆ. ಅಲ್ಲಿ ಹೆಸರು ಹಿಡಿದು ಆರಿಸಿ.

ವಿಂಡೋಸ್‌ಗೆ ಇನ್ನೊಂದು ವಿಚಿತ್ರ ಅಭ್ಯಾಸವಿದೆ. ಅದು ಮಾಮೂಲಿ ಬಳಕೆಗೆ ಒಂದು ಮೈಕ್, ಕರೆಗಳಿಗೆ ಇನ್ನೊಂದು ಮೈಕ್ ಎಂದು ಎರಡು ಆಯ್ಕೆಗಳನ್ನು ಇಟ್ಟುಕೊಳ್ಳಬಲ್ಲದು. ರೆಕಾರ್ಡಿಂಗ್ ಚೆನ್ನಾಗಿ ಆಗುತ್ತದೆ, ಕರೆಯಲ್ಲಿ ಮಾತ್ರ ದನಿ ಇಲ್ಲ ಎಂಬ ಒಗಟಿಗೆ ಉತ್ತರ ಬಹಳ ಸಲ ಇದೇ. ಹಳೆಯ ಸೌಂಡ್ ಕಂಟ್ರೋಲ್ ಪ್ಯಾನಲ್‌ನ ರೆಕಾರ್ಡಿಂಗ್ ಪುಟದಲ್ಲಿ ನಿಮ್ಮ ಮೈಕ್ ಮೇಲೆ ಬಲ ಗುಂಡಿ ಒತ್ತಿ, ಎರಡಕ್ಕೂ ಅದನ್ನೇ ನೇಮಿಸಿಬಿಡಿ.

ಮುಂದಿನದು ಅನುಮತಿ. ಮೈಕ್ ಎಂದರೆ ಮನೆಯ ಮಾತು ಹೊರಗೆ ಹೋಗುವ ಕಿಂಡಿ. ಯಾರು ಬೇಕಾದರೂ ಕೇಳಿಸಿಕೊಳ್ಳಬಾರದು ಎಂದು ವ್ಯವಸ್ಥೆಗಳೇ ಬಾಗಿಲಿಗೆ ಕಾವಲು ಇಟ್ಟಿವೆ. ಮ್ಯಾಕ್‌ನಲ್ಲಿ 2018ರ ಮೊಹಾವೆ ಆವೃತ್ತಿಯಿಂದ ಪ್ರತಿ ತಂತ್ರಾಂಶವೂ ಮೈಕ್ ಬಳಸುವ ಮೊದಲು ಒಮ್ಮೆ ಕೇಳಲೇಬೇಕು. ಅವಸರದಲ್ಲಿ ‘ಬೇಡ’ ಎಂದು ಒತ್ತಿದ್ದರೆ ಅದು ಮತ್ತೆ ಕೇಳುವುದಿಲ್ಲ, ನೀವೇ ಪ್ರೈವಸಿ ಪುಟಕ್ಕೆ ಹೋಗಿ ಸರಿಪಡಿಸಬೇಕು. ವಿಂಡೋಸ್‌ನ ಪ್ರೈವಸಿ ಪುಟದಲ್ಲಿ ಮೈಕ್ರೊಫೋನ್ ಎಂಬ ಭಾಗ ತೆರೆದರೆ ಮೂರು ಸ್ವಿಚ್ಚುಗಳು ಒಂದರ ಕೆಳಗೊಂದು ಕಾಣುತ್ತವೆ: ಇಡೀ ಯಂತ್ರಕ್ಕೆ ಒಂದು, ತಂತ್ರಾಂಶಗಳಿಗೆಲ್ಲ ಒಂದು, ಹಳೆಯ ಮಾದರಿಯ ಡೆಸ್ಕ್‌ಟಾಪ್ ತಂತ್ರಾಂಶಗಳಿಗೆ ಬೇರೆಯೇ ಒಂದು. ಮೂರನೆಯದು ಪುಟದ ಕೆಳಗಡೆ ಇರುವುದರಿಂದ ಕಣ್ಣು ತಪ್ಪುತ್ತದೆ. ಪಟ್ಟಿ ಕದಲದವರೂ ಈ ಪುಟವನ್ನು ಒಮ್ಮೆ ನೋಡಿಬಿಡುವುದು ಒಳ್ಳೆಯದು, ಅರ್ಧ ನಿಮಿಷದ ಕೆಲಸ. ಅನುಮತಿ ಇಲ್ಲದಾಗ ಎಲ್ಲ ತಂತ್ರಾಂಶಗಳೂ ದೂರು ಹೇಳುವುದಿಲ್ಲ. ಕೆಲವು ತಣ್ಣಗೆ ದಾಖಲಿಸುತ್ತಲೇ ಹೋಗುತ್ತವೆ. ಅರ್ಧ ಗಂಟೆಯ ಭಾಷಣಕ್ಕೆ ಅರ್ಧ ಗಂಟೆಯ ಕಡತ ಸಿಗುತ್ತದೆ, ಒಳಗೆ ಒಂದು ಅಕ್ಷರವಿಲ್ಲ.

ಬ್ರೌಸರಿನಲ್ಲಿ ಸಭೆ ನಡೆಸುವವರಿಗೆ ಇನ್ನೊಂದು ಕಾವಲುಗಾರ ಎದುರಾಗುತ್ತಾನೆ. ವ್ಯವಸ್ಥೆ ಬ್ರೌಸರಿಗೆ ಅನುಮತಿ ಕೊಟ್ಟರೆ ಸಾಲದು, ಬ್ರೌಸರ್ ಆ ನಿರ್ದಿಷ್ಟ ಜಾಲತಾಣಕ್ಕೆ ಅನುಮತಿ ಕೊಡಬೇಕು. ವಿಳಾಸದ ಎಡಬದಿಯಲ್ಲಿರುವ ಪುಟ್ಟ ಚಿಹ್ನೆಯನ್ನು ಒತ್ತಿದರೆ ಆ ತಾಣಕ್ಕೆ ಮೈಕ್ ಕೊಡಲಾಗಿದೆಯೇ ಎಂದು ತಿಳಿಯುತ್ತದೆ. ಬದಲಾಯಿಸಿದ ಮೇಲೆ ಪುಟವನ್ನು ಹೊಸದಾಗಿ ತೆರೆಯಬೇಕು.

ಇವೆಲ್ಲ ಸರಿಯಿದ್ದರೆ ಬೇರೊಂದು ತಂತ್ರಾಂಶ ಮೈಕ್ ಅನ್ನು ತನ್ನ ಒಬ್ಬನದೇ ಎಂದು ಹಿಡಿದುಕೊಂಡಿರಬಹುದು. ವಿಂಡೋಸ್‌ನಲ್ಲಿ ಅದಕ್ಕೆ ಅವಕಾಶವಿದೆ. ತೆರೆದಿರುವ ಬೇರೆ ಸಭೆ, ರೆಕಾರ್ಡರ್ ಎಲ್ಲ ಮುಚ್ಚಿ ನೋಡಿ.

ಪಟ್ಟಿ ಕದಲುವುದೇ ಇಲ್ಲ

ಈಗ ಮೇಲಿನ ಅರ್ಧಕ್ಕೆ, ಎಂದರೆ ಕೆರೆಯ ಕಡೆಗೆ ನಡೆಯಬೇಕು. ಮೊದಲು ಕೈಗೆ ಸಿಗುವ ಸ್ವಿಚ್ಚುಗಳು. ಅನೇಕ ಲ್ಯಾಪ್‌ಟಾಪ್‌ಗಳ ಮೇಲಿನ ಸಾಲಿನ ಕೀಲಿಗಳಲ್ಲಿ ಗೆರೆ ಹೊಡೆದ ಮೈಕ್ ಚಿತ್ರವಿರುವ ಒಂದು ಕೀಲಿ ಇರುತ್ತದೆ, ಅದರಲ್ಲೊಂದು ಚಿಕ್ಕ ದೀಪ. ದೀಪ ಉರಿಯುತ್ತಿದ್ದರೆ ಮೈಕ್ ಆರಿದೆ ಎಂದು ಅರ್ಥ, ಚಾಲೂ ಇದೆ ಎಂದಲ್ಲ. ಈ ತಿರುಗುಮುರುಗು ಎಷ್ಟು ಜನರನ್ನು ಮೋಸಗೊಳಿಸಿದೆಯೋ. ಹೆಡ್‌ಸೆಟ್‌ನ ತಂತಿಯ ನಡುವೆ ಗುಂಡಿ ಇರಬಹುದು. ಕೆಲವು ಹೆಡ್‌ಸೆಟ್‌ಗಳಲ್ಲಿ ಮೈಕ್ ಕಡ್ಡಿಯನ್ನು ಮೇಲೆತ್ತಿದರೆ ತಾನಾಗಿಯೇ ಮ್ಯೂಟ್ ಆಗುತ್ತದೆ. ಆ್ಯಪಲ್ ತನ್ನ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಳ ಮುಚ್ಚಿದ ಕೂಡಲೇ ಒಳಗಿನ ಮೈಕ್‌ನ ಸಂಪರ್ಕವನ್ನು ಯಂತ್ರಾಂಶದಲ್ಲೇ ಕಡಿದುಹಾಕುತ್ತದೆ. ದೊಡ್ಡ ಮಾನಿಟರಿಗೆ ಜೋಡಿಸಿ, ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕಿಟ್ಟು ಕೆಲಸ ಮಾಡುವವರು ಯಾವ ಸೆಟ್ಟಿಂಗ್ಸ್ ತಿರುಗಿಸಿದರೂ ಆ ಮೈಕ್ ಏಳುವುದಿಲ್ಲ. ಮುಚ್ಚಳ ತೆಗೆಯಬೇಕು, ಇಲ್ಲವೇ ಬೇರೆ ಮೈಕ್ ಸಿಕ್ಕಿಸಬೇಕು.

ನಂತರ ಮಟ್ಟ. ಇನ್‌ಪುಟ್ ಮಟ್ಟ ಸೊನ್ನೆಗೆ ಬಿದ್ದಿದ್ದರೆ ಎಂಬತ್ತಕ್ಕೋ ತೊಂಬತ್ತಕ್ಕೋ ಏರಿಸಿ. ಪಟ್ಟಿ ತೀರ ಸಣ್ಣಗೆ ಅಲುಗುತ್ತಿದ್ದರೆ ವಿಂಡೋಸ್‌ನ ಹಳೆಯ ಪ್ಯಾನಲ್‌ನ ಲೆವೆಲ್ಸ್ ಪುಟದಲ್ಲಿ ಮೈಕ್ರೊಫೋನ್ ಬೂಸ್ಟ್ ಎಂಬುದು ಸಿಗಬಹುದು, 10, 20, 30 ಡೆಸಿಬೆಲ್ ಎಂಬ ಮೆಟ್ಟಿಲುಗಳಲ್ಲಿ. ಇಪ್ಪತ್ತು ಡೆಸಿಬೆಲ್ ಎಂದರೆ ವಿದ್ಯುತ್ತಿನ ವೋಲ್ಟೇಜು ಹತ್ತು ಪಟ್ಟು. ಹಾಗಾಗಿ ಒಂದೊಂದೇ ಮೆಟ್ಟಿಲು ಏರಿಸಿ, ಇಲ್ಲವಾದರೆ ಮಾತಿನ ಜೊತೆ ಫ್ಯಾನೂ ಭಾಷಣ ಮಾಡುತ್ತದೆ.

ಅಕ್ಕನ ಮಗಳ ಕಥೆ ಇಲ್ಲಿಗೆ ಬರುತ್ತದೆ. ಅವಳ ಪಟ್ಟಿ ಸತ್ತಂತಿರಲಿಲ್ಲ, ಕೂಗಿದರೆ ತುಸು ಮಿಸುಕುತ್ತಿತ್ತು. ಮ್ಯೂಟ್ ಇರಲಿಲ್ಲ, ಮಟ್ಟ ನೂರಿತ್ತು. ‘ನಿನ್ನ ಲ್ಯಾಪ್‌ಟಾಪ್‌ನಲ್ಲಿ ಮೈಕ್ ಎಲ್ಲಿದೆ?’ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ, ಬಹಳ ಜನರಿಗೆ ಗೊತ್ತಿರುವುದಿಲ್ಲ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಮೇಲಂಚಿನಲ್ಲಿ, ಕ್ಯಾಮೆರಾದ ಅಕ್ಕಪಕ್ಕ ಸೂಜಿಮೊನೆಯಷ್ಟು ತೂತುಗಳಿರುತ್ತವೆ, ಅವೇ ಮೈಕ್‌ನ ಬಾಯಿ. ಯಾರೋ ಕ್ಯಾಮೆರಾ ಮುಚ್ಚಿಡುವುದು ಕ್ಷೇಮ ಎಂದದ್ದನ್ನು ಕೇಳಿ ಅವಳು ಅದರ ಮೇಲೆ ಹಣೆಬಟ್ಟು ಅಂಟಿಸುವ ಅಭ್ಯಾಸ ಮಾಡಿಕೊಂಡಿದ್ದಳು. ಸಂದರ್ಶನಕ್ಕಾಗಿ ಕ್ಯಾಮೆರಾದ ಮೇಲಿದ್ದ ಬಟ್ಟನ್ನು ಕಿತ್ತು, ಕಳೆದುಹೋಗದಿರಲಿ ಎಂದು ಪಕ್ಕಕ್ಕೇ ಅಂಟಿಸಿದ್ದಳು. ಸರಿಯಾಗಿ ತೂತಿನ ಮೇಲೆ. ಮೊಬೈಲ್ ಕವರುಗಳು, ಪರದೆಗೆ ಹಾಕುವ ಗಾಜು, ವರ್ಷಗಳ ಧೂಳು ಮಾಡುವುದೂ ಇದನ್ನೇ. ಧೂಳು ಕಂಡರೆ ಮೆತ್ತನೆಯ ಕುಂಚದಿಂದ ಒರೆಸಿ. ಸೂಜಿ ಹಾಕಿ ಕೆದಕಬೇಡಿ, ತೂತಿನ ಹಿಂದೆಯೇ ಆ ಪೊರೆ ಇದೆ.

ಪಿನ್‌ನ ಮೇಲಿನ ಕಪ್ಪು ಗೆರೆಗಳು

ತಂತಿಯ ಹೆಡ್‌ಸೆಟ್ ಬಳಸುವವರು ಅದರ ಪಿನ್ ಅನ್ನು ಬೆಳಕಿಗೆ ಹಿಡಿದು ನೋಡಬೇಕು. ಮೂರೂವರೆ ಮಿಲಿಮೀಟರಿನ ಆ ಲೋಹದ ಕಡ್ಡಿಯ ಸುತ್ತ ಕಪ್ಪು ಅಥವಾ ಬಿಳಿ ಬಳೆಗಳಿರುತ್ತವೆ. ಬಳೆಗಳು ಲೋಹವನ್ನು ತುಂಡು ತುಂಡಾಗಿ ಬೇರ್ಪಡಿಸುತ್ತವೆ, ಒಂದೊಂದು ತುಂಡೂ ಒಂದೊಂದು ತಂತಿಗೆ. ಎರಡು ಬಳೆ ಇದ್ದರೆ ಮೂರು ತುಂಡು: ಎಡಗಿವಿ, ಬಲಗಿವಿ, ಭೂಮಿ ತಂತಿ. ಕೇಳುವುದಕ್ಕಷ್ಟೇ ಇರುವ ಹೆಡ್‌ಫೋನಿನ ಪಿನ್ ಇದು, ಮೈಕ್‌ಗೆ ಜಾಗವೇ ಇಲ್ಲ. ಮೂರು ಬಳೆ ಇದ್ದರೆ ನಾಲ್ಕು ತುಂಡು, ನಾಲ್ಕನೆಯದು ಮೈಕ್‌ನದು. ಮೊಬೈಲ್ ಇಯರ್‌ಫೋನ್‌ಗಳಲ್ಲಿ ಇರುವುದು ಇದು.

ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂದೆ ಗುಲಾಬಿ ಬಣ್ಣದ ಕಿಂಡಿ ಮೈಕ್‌ಗೆ, ಹಸಿರು ಕಿಂಡಿ ಸ್ಪೀಕರಿಗೆ, ನೀಲಿ ಕಿಂಡಿ ಟೇಪ್‌ರೆಕಾರ್ಡರಿನಂತಹ ಬೇರೆ ಯಂತ್ರದ ದನಿಗೆ. ಮೂರು ಬಳೆಯ ಮೊಬೈಲ್ ಇಯರ್‌ಫೋನ್ ಅನ್ನು ಗುಲಾಬಿ ಕಿಂಡಿಗೆ ಸಿಕ್ಕಿಸಿದರೆ ಕಂಪ್ಯೂಟರ್ ಮೈಕ್ ಹುಡುಕುವ ಜಾಗದಲ್ಲಿ ಎಡಗಿವಿಯ ಸ್ಪೀಕರ್ ಇರುತ್ತದೆ. ಆಗ ಇಯರ್‌ಫೋನಿನ ಎಡಗುಂಡಿಯನ್ನು ಬಾಯಿಯ ಹತ್ತಿರ ಹಿಡಿದು ಜೋರಾಗಿ ಮಾತಾಡಿದರೆ ಕ್ಷೀಣವಾಗಿ ದನಿ ದಾಖಲಾಗುವುದೂ ಉಂಟು. ಸುರುಳಿ ಮತ್ತು ಅಯಸ್ಕಾಂತದ ಸ್ಪೀಕರ್ ತಿರುಗಿ ನಿಂತರೆ ಮೈಕ್ ಆಗುತ್ತದೆ. ವೇದಿಕೆಯ ಮೇಲೆ ಗಾಯಕರು ಹಿಡಿಯುವ ಡೈನಮಿಕ್ ಮೈಕ್‌ನ ಒಳಗಿರುವುದೂ ಅದೇ ಸುರುಳಿ, ಅದೇ ಅಯಸ್ಕಾಂತ. ಆಟಕ್ಕೆ ಇದು ಚೆನ್ನ, ಕೆಲಸಕ್ಕೆ ಆಗದು. ನಾಲ್ಕು ತುಂಡಿನ ಪಿನ್ ಅನ್ನು ಗುಲಾಬಿ, ಹಸಿರು ಎರಡಕ್ಕೂ ಕವಲೊಡೆಸುವ ಪುಟ್ಟ ತಂತಿ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನು ತನ್ನಿ. ಇದಕ್ಕೆ ಉಲ್ಟಾ ಸಮಸ್ಯೆಯೂ ಇದೆ: ಎರಡು ಪಿನ್‌ಗಳಿರುವ ಹಳೆಯ ಹೆಡ್‌ಸೆಟ್, ಒಂದೇ ಕಿಂಡಿ ಇರುವ ಹೊಸ ಲ್ಯಾಪ್‌ಟಾಪ್. ಎರಡನ್ನು ಒಂದಾಗಿಸುವ ತಂತಿ ಬೇರೆ, ಒಂದನ್ನು ಎರಡಾಗಿಸುವ ತಂತಿ ಬೇರೆ. ಅಂಗಡಿಯವನಿಗೆ ಹೆಡ್‌ಸೆಟ್ ತೋರಿಸಿಯೇ ಕೇಳಿ.

ಒಂದೇ ಕಿಂಡಿಯ ಕೆಲವು ಲ್ಯಾಪ್‌ಟಾಪ್‌ಗಳು ಪಿನ್ ಸಿಕ್ಕಿಸಿದಾಗ ‘ಇದು ಹೆಡ್‌ಫೋನೋ, ಹೆಡ್‌ಸೆಟ್ಟೋ’ ಎಂದು ಕೇಳುತ್ತವೆ. ಹೆಡ್‌ಫೋನ್ ಎಂದು ಹೇಳಿದಿರೋ, ಅದು ಮೈಕ್‌ನ ತಂತಿಯ ಕಡೆ ತಿರುಗಿಯೂ ನೋಡುವುದಿಲ್ಲ. ಇನ್ನು ತೀರ ಹಳೆಯ ಇಯರ್‌ಫೋನ್‌ಗಳಲ್ಲಿ ಮೈಕ್ ತಂತಿ ಮತ್ತು ಭೂಮಿ ತಂತಿ ಅದಲುಬದಲಾಗಿರುತ್ತವೆ. ಒಂದು ಕಾಲದಲ್ಲಿ ಇದಕ್ಕೆ ಎರಡು ಬೇರೆ ಬೇರೆ ಪದ್ಧತಿಗಳಿದ್ದವು. ಹಳೆಯ ಇಯರ್‌ಫೋನ್ ಹೊಸ ಯಂತ್ರದಲ್ಲಿ ಮೂಕವಾಗುವುದು, ಹಾಡು ಕೂಡ ಬಾವಿಯೊಳಗಿಂದ ಬಂದಂತೆ ಕೇಳುವುದು ಇದರಿಂದಲೇ.

ಮೈಕ್‌ಸೆಟ್‌ನವರಿಂದ ತಂದ ದೊಡ್ಡ ಮೈಕ್ ಅನ್ನು ಮೂರು ಪಿನ್ನಿನ ತಂತಿಯ ಮೂಲಕ ನೇರ ಕಂಪ್ಯೂಟರಿಗೋ ಕ್ಯಾಮೆರಾಗೋ ಜೋಡಿಸುವವರು ಇನ್ನೊಂದು ಸೋಜಿಗ ನೋಡುತ್ತಾರೆ. ಆ ಮೈಕ್ ಒಂದೇ ದನಿಯನ್ನು ಎರಡು ತಂತಿಗಳಲ್ಲಿ ಕಳಿಸುತ್ತದೆ, ಒಂದರಲ್ಲಿ ಇದ್ದಂತೆ, ಇನ್ನೊಂದರಲ್ಲಿ ತಲೆಕೆಳಗಾಗಿ. ಉದ್ದ ತಂತಿಯಲ್ಲಿ ಸೇರುವ ಗೊಂದಲದ ಸದ್ದನ್ನು ಕಳೆಯುವುದಕ್ಕೆ ಮಾಡಿದ ಏರ್ಪಾಡು ಅದು. ಎಡ ಬಲ ಎಂದು ಎರಡಾಗಿ ದಾಖಲಿಸುವ ಯಂತ್ರಕ್ಕೆ ಅದನ್ನು ಸಿಕ್ಕಿಸಿದರೆ ಎಡಕ್ಕೆ ನೇರ ದನಿ, ಬಲಕ್ಕೆ ತಲೆಕೆಳಗಿನ ದನಿ ಹೋಗುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ಎಲ್ಲ ಇದೆ. ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಎಡಬಲ ಕೂಡಿದ ಕ್ಷಣ ಎರಡೂ ಒಂದನ್ನೊಂದು ನುಂಗಿ ಮೌನ. ಆಗ ಎಡಭಾಗವನ್ನು ಮಾತ್ರ ಉಳಿಸಿಕೊಂಡರೆ ದನಿ ಮರಳಿ ಬರುತ್ತದೆ.

ಬ್ಲೂಟೂತ್‌ನ ಎರಡು ಮುಖ

ಬ್ಲೂಟೂತ್ ಇಯರ್‌ಫೋನ್ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಹಾಡು ಕೇಳುವ ರೀತಿಯಲ್ಲಿ ದನಿ ಒಂದೇ ದಿಕ್ಕಿಗೆ ಹರಿಯುತ್ತದೆ, ಗುಣಮಟ್ಟ ಚೆನ್ನಾಗಿರುತ್ತದೆ, ಮೈಕ್ ಮುಚ್ಚಿರುತ್ತದೆ. ಕರೆಯ ರೀತಿಯಲ್ಲಿ ಎರಡು ದಿಕ್ಕಿಗೂ ಹರಿಯಬೇಕು, ಆದ್ದರಿಂದ ಎರಡೂ ಕಡೆ ಗುಣಮಟ್ಟ ಇಳಿಯುತ್ತದೆ. ಸಭೆ ಶುರುವಾದ ಕೂಡಲೇ ಎಲ್ಲರ ದನಿಯೂ ಹಳೆಯ ದೂರವಾಣಿಯಂತೆ ಕೇಳತೊಡಗುವುದು ಈ ಕಾರಣಕ್ಕೆ. ಅದು ದೋಷವಲ್ಲ. ಹಳೆಯ ವಿಂಡೋಸ್ ಆವೃತ್ತಿಗಳಲ್ಲಿ ಒಂದೇ ಇಯರ್‌ಫೋನ್ ‘ಸ್ಟಿರಿಯೊ’, ‘ಹ್ಯಾಂಡ್ಸ್‌ಫ್ರೀ’ ಎಂದು ಎರಡು ಹೆಸರಿನಲ್ಲಿ ಕಾಣುತ್ತದೆ. ಮೈಕ್ ಬೇಕಿದ್ದರೆ ಎರಡನೆಯದನ್ನು ಆರಿಸಬೇಕು. ಅದೇ ಇಯರ್‌ಫೋನ್ ನಿಮ್ಮ ಜೇಬಿನ ಮೊಬೈಲಿಗೂ ಅಂಟಿಕೊಂಡಿದೆಯೇ ನೋಡಿ, ಅಂಟಿಕೊಂಡಿದ್ದರೆ ಬಿಡಿಸಿ. ನನಗೆ ಕೇಳಿದರೆ ಮುಖ್ಯವಾದ ಕರೆಗಳಿಗೆ ತಂತಿಯದೇ ವಾಸಿ.

ಡ್ರೈವರ್ ಎಂಬ ದುಭಾಷಿ

ಸೆಟ್ಟಿಂಗ್ಸ್‌ನಲ್ಲಿ ಮೈಕ್‌ನ ಹೆಸರೇ ಇಲ್ಲ ಎಂದಾಗ ಡ್ರೈವರ್ ನೆನಪಾಗಬೇಕು, ಅದಕ್ಕೂ ಮೊದಲು ಬೇಡ. ಚಿಪ್‌ನ ಭಾಷೆ ಬೇರೆ, ವಿಂಡೋಸ್‌ನ ಭಾಷೆ ಬೇರೆ. ನಡುವೆ ನಿಂತು ಮಾತು ದಾಟಿಸುವವನು ಡ್ರೈವರ್. ವ್ಯವಸ್ಥೆಯ ದೊಡ್ಡ ಅಪ್‌ಡೇಟ್ ಆದ ಮರುದಿನ ಮೈಕ್ ನಿಂತರೆ ಅನುಮಾನ ಇವನ ಮೇಲೆ. ಡಿವೈಸ್ ಮ್ಯಾನೇಜರ್ ತೆರೆದು ಆಡಿಯೊ ಇನ್‌ಪುಟ್ ಎಂಬ ಸಾಲಿನಲ್ಲಿ ಮೈಕ್ ಮೇಲೆ ಕೆಳಮುಖದ ಬಾಣವಿದ್ದರೆ ಯಾರೋ ಅದನ್ನು ನಿಷ್ಕ್ರಿಯ ಮಾಡಿದ್ದಾರೆ, ಮತ್ತೆ ಸಕ್ರಿಯಗೊಳಿಸಿ. ಇಲ್ಲವಾದರೆ ಅದನ್ನು ಅಲ್ಲಿಂದ ತೆಗೆದು ಕಂಪ್ಯೂಟರ್ ಆರಿಸಿ ಹಾಕಿದರೆ ವಿಂಡೋಸ್ ತಾನೇ ಮತ್ತೆ ಹುಡುಕಿಕೊಳ್ಳುತ್ತದೆ. ಸರಿಹೋಗದಿದ್ದರೆ ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿ ನಿಮ್ಮ ಮಾದರಿಯ ಹೆಸರು ಹಾಕಿ ಆಡಿಯೊ ಡ್ರೈವರ್ ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್‌ಗಳನ್ನೂ ಒಂದೇ ಒತ್ತಿಗೆ ಸರಿಪಡಿಸುತ್ತೇವೆ’ ಎಂಬ ಜಾಹೀರಾತುಗಳ ಸಹವಾಸ ಬೇಡ.

ಯುಎಸ್‌ಬಿ ಮೈಕ್ ತನ್ನ ಸೌಂಡ್ ಚಿಪ್ಪನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬರುತ್ತದೆ. ಅದು ಕಾಣದಿದ್ದರೆ ಒಂದು ಕಿಂಡಿಯನ್ನು ಹಲವಾಗಿಸುವ ಹಬ್ ಎಂಬ ಡಬ್ಬಿಯನ್ನು ಬಿಟ್ಟು ಕಂಪ್ಯೂಟರಿನ ಬೇರೊಂದು ಕಿಂಡಿಗೆ ನೇರ ಸಿಕ್ಕಿಸಿ ನೋಡಿ.

ಮಾತು ಬರುತ್ತದೆ, ಶ್ರುತಿ ಬರುವುದಿಲ್ಲ

ಪರಿಚಯದ ಸಂಗೀತ ಶಿಕ್ಷಕಿಯೊಬ್ಬರು ಮೈಸೂರಿನಿಂದ ಅಮೆರಿಕದ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತಾರೆ. ಅವರ ದೂರು ವಿಚಿತ್ರವಾಗಿತ್ತು. ‘ನಾನು ಮಾತಾಡುವುದು ಮಕ್ಕಳಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ತಂಬೂರಿ ಹಾಕಿದರೆ ನಾಲ್ಕು ಸೆಕೆಂಡು ಕೇಳಿ ಮಾಯವಾಗುತ್ತದೆ. ನಾನು ಷಡ್ಜ ಹಿಡಿದು ನಿಂತರೂ ದನಿ ಕರಗಿಹೋಗುತ್ತದಂತೆ.’

ಮೈಕ್ ಕೇಳಿಸಿಕೊಂಡಿತ್ತು, ಜೂಮ್ ಬಿಸಾಡಿತ್ತು. ಸಭೆಯ ತಂತ್ರಾಂಶಗಳಿಗೆ ಗೊತ್ತಿರುವ ಸಂಗತಿ ಒಂದೇ: ಮನುಷ್ಯ ಮಾತಾಡುತ್ತಾನೆ, ಫ್ಯಾನು ಸದ್ದು ಮಾಡುತ್ತದೆ. ಮಾತು ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಫ್ಯಾನಿನ ಸದ್ದು ಒಂದೇ ಸಮ. ಆದ್ದರಿಂದ ಒಂದೇ ಸಮನಾಗಿ ಇರುವುದನ್ನೆಲ್ಲ ಅವು ಗದ್ದಲ ಎಂದು ಅಳಿಸುತ್ತವೆ. ತಂಬೂರಿಯ ಹಿರಿಮೆ ಇರುವುದೇ ಒಂದೇ ಸಮ ಇರುವುದರಲ್ಲಿ. ಯಂತ್ರದ ಕಣ್ಣಿಗೆ ಅದೊಂದು ಒಳ್ಳೆಯ ಫ್ಯಾನು. ಜೂಮ್‌ನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಸಂಗೀತಗಾರರಿಗಾಗಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಇದೆ, ಅದನ್ನು ಹಾಕಿದರೆ ಸೋಸುವಿಕೆ ನಿಲ್ಲುತ್ತದೆ. ಮ್ಯಾಕ್‌ನಲ್ಲಿ ಕರೆಯ ನಡುವೆ ಮೈಕ್ ಮೋಡ್ ಎಂಬಲ್ಲಿ ‘ವೈಡ್ ಸ್ಪೆಕ್ಟ್ರಮ್’ ಆರಿಸಬಹುದು. ವಿಂಡೋಸ್‌ನಲ್ಲಿ ಮೈಕ್‌ನ ಪುಟದಲ್ಲಿರುವ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್ ಎಂಬುದನ್ನು ಆಫ್ ಮಾಡಿ ನೋಡಬೇಕು. ಹೀಗೆ ಮಾಡಿದ ಮೇಲೆ ಇಬ್ಬರೂ ಹೆಡ್‌ಫೋನ್ ಹಾಕಿಕೊಳ್ಳುವುದು ಅಗತ್ಯ. ಸೋಸುವಿಕೆಯ ಜೊತೆಗೆ ಮರುದನಿ ತಡೆಯುವ ಕಾವಲೂ ಹೋಗಿರಬಹುದು.

ನಿಜವಾಗಿಯೂ ಕೆಟ್ಟಿದೆ ಎಂದು ಯಾವಾಗ ಹೇಳಬಹುದು

ಅದಲುಬದಲು ಮಾಡಿ. ಈ ಮೈಕ್ ಬೇರೆ ಕಂಪ್ಯೂಟರಿನಲ್ಲಿಯೂ ಮೌನವಾಗಿದ್ದರೆ ಮೈಕ್ ಕೆಟ್ಟಿದೆ. ಅಲ್ಲಿ ಮಾತಾಡಿದರೆ, ಇಲ್ಲಿ ಬೇರೆ ಮೈಕ್ ಕೂಡ ಮೂಕವಾದರೆ ಕಿಂಡಿಯದೋ ಚಿಪ್‌ನದೋ ದೋಷ. ಪಿನ್ ಅಲ್ಲಾಡಿಸಿದಾಗ ದನಿ ಬಂದು ಹೋಗುತ್ತಿದ್ದರೆ ಕಿಂಡಿಯ ಒಳಗಿನ ಸ್ಪ್ರಿಂಗ್ ಸಡಿಲವಾಗಿದೆ ಅಥವಾ ತಂತಿ ಕುತ್ತಿಗೆಯ ಬಳಿ ಒಳಗೇ ತುಂಡಾಗಿದೆ. ಲ್ಯಾಪ್‌ಟಾಪ್‌ನ ಕಿಂಡಿ ಕೆಟ್ಟಿತೆಂದು ಅದನ್ನು ಬಿಚ್ಚಿಸುವ ಮೊದಲು ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಸೌಂಡ್ ಕಾರ್ಡ್ ಒಂದನ್ನು ಯೋಚಿಸಬಹುದು. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಯಂತ್ರದ ಚಿಪ್ಪನ್ನೂ ಕಿಂಡಿಯನ್ನೂ ಬದಿಗಿಟ್ಟು ತನ್ನದೇ ಹಾದಿ ಮಾಡಿಕೊಳ್ಳುತ್ತದೆ.

ಇಷ್ಟೆಲ್ಲ ಹುಡುಕಲು ಹೊತ್ತಿಲ್ಲದಿದ್ದರೆ, ಹತ್ತಕ್ಕೆ ಸಂದರ್ಶನವಿದ್ದು ಒಂಬತ್ತು ಐವತ್ತೈದಾಗಿದ್ದರೆ, ಸಭೆಯ ಕೊಂಡಿಯನ್ನು ಮೊಬೈಲಿನಲ್ಲಿಯೂ ತೆರೆಯಿರಿ. ಮುಖಕ್ಕೆ ಲ್ಯಾಪ್‌ಟಾಪ್, ದನಿಗೆ ಮೊಬೈಲ್. ಲ್ಯಾಪ್‌ಟಾಪ್‌ನ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಆಫ್ ಮಾಡಲು ಮರೆಯಬೇಡಿ. ಒಂದೇ ಕೋಣೆಯಲ್ಲಿ ಎರಡು ಸಾಧನಗಳು ಒಂದನ್ನೊಂದು ಕೇಳಿಸಿಕೊಳ್ಳತೊಡಗಿದರೆ, ಊರಹಬ್ಬದ ಮೈಕ್‌ಸೆಟ್ ಶುರುವಾಗುವಾಗ ಬರುವ ಆ ಕೀರಲು ಸಂದರ್ಶಕರ ಕಿವಿಗೆ ಬೀಳುತ್ತದೆ.